ಕ್ರಿಯಾಪದ ಬರೋತನಕ

ಬೀದರಿನ ರಂಗಮಂದಿರದ ಹಿಂದಿನ ಮೂಲ್ಯಾಗ
ಪ್ಲೈವುಡ್ಡಿನ ಒಂದು ಗೂಡು. ಇನ್ನೂ ಫೆವಿಕಾಲಿನ ವಾಸನಿ.
ಗಾಜಿನ ಮ್ಯಾಲ ಅಂಗಡಿ ಚೀಟಿ ಹಂಗೇ ಅದ.
ಅದರೊಳಗ ನಾ ಕುಂತೀನಿ, ಮೈಕಿನ ಮುಂದ,
ಕೊರಳಾಗ ಬಿಲ್ಲೆ: ಹೆಸರಿನ ಜಾಗದಾಗ ‘ಕನ್ನಡ’ ಅಂತಷ್ಟೇ.
‘ಕನ್ನಡ ಮೇಡಂ, ಚಹಾ ತಗೋರಿ’ ಅಂತಾನ ಹುಡುಗ.
ಪಾಳಿ ಬದಲಿಸಬೇಕಾದ ರಫತ್ ಬಂದಿಲ್ಲ, ಮಗೀಗಿ ಜ್ವರ.

ಹೊರಗ ಬ್ಯಾನರು: ‘ಸಮಾಜದ ನಾಳೆಗಳು’, ಎರಡು ದಿನ.
ಮುಂಜಾನಿಂದ ನಾ ಏನೇನಾಗಿಲ್ಲ!
ಹತ್ತೂವರೆಗೆ ಪುಣೆಯ ಅರ್ಥಶಾಸ್ತ್ರಜ್ಞ ಆಗಿದ್ದೆ:
‘ನನ್ನ ಲೆಕ್ಕದ ಪ್ರಕಾರ ದುಡಿಮಿ ಅನ್ನೋದೇ ಮುಗೀತದ.’
ಹನ್ನೊಂದೂವರೆಗೆ ಯಂತ್ರಗಳಿಗೆ ಮತದಾನದ ಹಕ್ಕು ಬೇಡಿದೆ.
ಹೆಡ್‌ಫೋನಿನೊಳಗ ‘ನಾನು’ ಅಂದರ ನಾನಲ್ಲ,
ಇದು ಈ ಕೆಲಸದ ಮೊದಲನೇ ಪಾಠ.

ಊಟದ ಮುಂಚೆ ಮುನೀರುದ್ದೀನ್ ಸಾಹೇಬರು ಎದ್ದರು.
ಎಂಬತ್ತರ ಮ್ಯಾಲಿನ ವಯಸ್ಸು. ಸುರಂಗ ಬಾವಿಗಳ ನಕಾಶಿ
ಕೈಯಾರೆ ತೆಗದವರು. ಸ್ಲೈಡಿಲ್ಲ, ಚೀಟಿಯಿಲ್ಲ,
ಮೆತ್ತಗ ಶುರು ಮಾಡಿದರು: ‘ಕಲ್ —’

ಗೂಡಿನಾಗ ನಾ ಗಡಬಡಿಸಿದೆ.
ಆ ಭಾಷಾದಾಗ ನಿನ್ನೆಗೂ ಕಲ್, ನಾಳೆಗೂ ಕಲ್.
ಯಾವುದಂತ ಹೇಳೂದು ವಾಕ್ಯದ ತುದ್ಯಾಗ ಕುಂತ ಕ್ರಿಯಾಪದ.
‘ಕಲ್, ಇಸ್ ಶಹರ್ ಕಾ ಪಾನಿ, ಸಬ್ ಕಾ —’
ಅಂದವರೇ ನಿಂತರು. ಗ್ಲಾಸು ಎತ್ತಿದರು. ನೀರು ಕುಡದರು.
ಗಂಟಲಮಣಿ ಏರಿ ಇಳಿಯೋದು ಗಾಜಿನಾಚೆ ಕಾಣತಿತ್ತು.

ನಾ ಎಳದೆ: ‘ಈ ಊರಿನ ನೀರು... ಬೀದರಿನ ಈ ನೀರು...’
ಮೂರು ಸೆಕೆಂಡು ಸುಮ್ಮನಾದರ ಜನ
ಹೆಡ್‌ಫೋನು ಬಡದು ಬಡದು ನೋಡ್ತಾರ,
ಹಳೇ ರೇಡಿಯೋಕ್ಕ ಬಡದಂಗ.
ಮುದುಕರು, ಹಳೇ ಬಾವಿ, ಮತ್ತೇನಿರತದ ಅಂದುಕೊಂಡು
ಅಂದೇಬಿಟ್ಟೆ: ‘ನಿನ್ನೆ ಎಲ್ಲರದಾಗಿತ್ತು.’

‘ಹೋಗಾ,’ ಅಂದರು ಅವರು, ಗ್ಲಾಸು ಕೆಳಗಿಟ್ಟು.

ಚಪ್ಪಾಳಿ. ಅರ್ಧ ಸಭಾ ನಾಳೆಗೆ, ಅರ್ಧ ನಿನ್ನೆಗೆ.
ಸಪ್ಪಳದಾಗ ಏನೂ ಫರಕಿರಲಿಲ್ಲ.
ಎರಡನೇ ವಾಕ್ಯ ಬಂತು, ಮೂರನೇದು ಬಂತು,
ತಿದ್ದಲಿಕ್ಕ ಸಂದು ಸಿಗಲಿಲ್ಲ; ಸಿಕ್ಕಿದ್ದರೂ ತಿದ್ದಿರತಿದ್ದೆನೋ ಏನೋ.

ಪ್ರಶ್ನೆ ಕೇಳೋ ಹೊತ್ತಿಗೆ ಎಂಟನೇ ಸಾಲಿನಾಗ ಒಬ್ಬರು ಎದ್ದರು.
ವೈಜಿನಾಥ, ನಗರಸಭೆಯ ವಾಲ್ವ್‌ಮನ್, ರಿಟೈರ್ಡು.
ಉರ್ದು ಬರತದ, ಆದರ ಕಿವಿ ಮಂದ,
ಹೆಡ್‌ಫೋನಿನಾಗ ಚಲೋ ಕೇಳತದಂತ ಹಾಕ್ಕೊಂಡವರು.
‘ಮೂವತ್ತೊಂದು ವರ್ಷ ಈ ಊರಿಗೆ ನೀರು ಬಿಟ್ಟೀನ್ರಿ.
ಯಾವ ಓಣಿಗೆ ಎಷ್ಟು ತಾಸು ಅನ್ನೋದು ಈ ಕೈಗೆ ಗೊತ್ತದ.
ನಿನ್ನೆ ಎಲ್ಲರದಾಗಿತ್ತು ಅಂದ್ರಿ, ಸಾಹೇಬ್ರ.
ನಮ್ಮವ್ವ ಬಾವಿ ಕಟ್ಟಿ ಮುಟ್ಟಿಲ್ಲ. ದೂರ ನಿಂತು ಬೊಗಸಿ ಒಡ್ಡ್ಯಾಳ.
ಆ ನಿನ್ನೆ ಯಾವುದು, ತಾರೀಖು ಹೇಳ್ರಿ.’

ಅದನ್ನ ಉರ್ದುವಿಗೆ ದಾಟಿಸಿದಾಕೀನೂ ನಾನೇ.
ನಾಲಿಗಿ ತಡವರಿಸಲಿಲ್ಲ, ಅದೇ ನಾಚಿಕಿ.
ಸಾಹೇಬರು ಹೆಡ್‌ಫೋನು ಒತ್ತಿಹಿಡದು ಕೇಳಿ,
ನಾ ಹಂಗ ಅಂದೇ ಇಲ್ಲಲ್ಲ ಅಂದರು, ಬೆರಗಾಗಿ.

ಮೈಕಿನ ಕೆಂಪು ದೀಪ ಹತ್ತಿತ್ತು.
‘ತಪ್ಪು ನನ್ನದು,’ ಅಂದೆ.

ಎರಡನೇ ಚಾನೆಲ್ಲಿನಾಗ ಅದು ಸಾಹೇಬರ ಮಾತಾಗಿ ಹೋಯ್ತು.
ನೂರಾ ಹದಿನೆಂಟು ಹೆಡ್‌ಫೋನಿನೊಳಗ ಆ ಮುದುಕರು
ಇಡೀ ನಿನ್ನೆಯ ತಪ್ಪು ಒಪ್ಪಿಕೊಂಡಂಗ ಕೇಳಿಸ್ತು.
ಯಾರೋ ಎದ್ದು ನಿಂತು ಚಪ್ಪಾಳಿ ಹೊಡದರು.
ವೇದಿಕಿ ಮ್ಯಾಲ ಅವರಿಗಿ ಏನೂ ತಿಳಿಲಾರದ ಕೈ ಮುಗದರು.
ವೈಜಿನಾಥ ಮಾತ್ರ ಹೆಡ್‌ಫೋನು ತಗದು,
ಹಿಂದ ತಿರುಗಿ, ಗಾಜಿನ ಕಡೆ ನೋಡಿದರು.

ರಾತ್ರಿ ಭಾಲ್ಕಿ ಬಸ್ಸಿನಾಗ ಹೊಳೀತು:
‘ನೀರು ಎಲ್ಲರದು’ ಅನ್ನಬಹುದಿತ್ತು.
ಕನ್ನಡಕ್ಕ ಅಲ್ಲಿ ಕ್ರಿಯಾಪದಾನೇ ಬ್ಯಾಡ, ಕಾಲಾನೂ ಬ್ಯಾಡ.
ಆದರ ಖರೇನ?
ಒಮ್ಮೆ ಬಾಯಿಬಿಟ್ಟು ಅಂದು ನೋಡಿದೆ, ನನ್ನ ದನಿಯಾಗ.
ಬಾಜೂಕ ಕುಂತಾಕಿ ಚೀಲದಾಗಿಂದ ಬಾಟಲಿ ತಗದು
‘ನೀರು ಬೇಕೇನವಾ?’ ಅಂದಳು.